ತಪ್ಪಲಿನ ದಾರಿಯಲ್ಲಿ ಸೈಕಲ್: ಹಿಂದೆ ಬಿದ್ದವರ ಪಾಡು

ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ದೇವನಹಳ್ಳಿಯತ್ತ ಹೋಗುವ ರಸ್ತೆಯಲ್ಲಿ ಸೈಕಲ್ ಸವಾರರ ಗುಂಪುಗಳು ಕಾಣಸಿಗುತ್ತವೆ. ಬಹುಮಂದಿಯ ಗುರಿ 1478 ಮೀಟರ್ ಎತ್ತರದ ನಂದಿಬೆಟ್ಟ. ಇನ್ನು ಕೆಲವರು ಬೆಟ್ಟ ಹತ್ತದೆ ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗದ ಕಡೆಯ ತಪ್ಪಲಿನ ಹಳ್ಳಿರಸ್ತೆಗಳಲ್ಲಿ ದಿನವಿಡೀ ಸುತ್ತುತ್ತಾರೆ. ವಾರವೆಲ್ಲ ಕುರ್ಚಿಯಲ್ಲಿ ಕುಳಿತವರಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಕಡಿಮೆ. ನನ್ನ ತಕರಾರು ಸೈಕಲ್ಲಿನ ಮೇಲಲ್ಲ, ಗುಂಪು ನಡೆಯುವ ರೀತಿಯ ಮೇಲೆ.

ಬೆಟ್ಟಕ್ಕಿಂತ ತಪ್ಪಲು ಸುಲಭವೆಂದು ಅನೇಕರು ತಿಳಿದಿದ್ದಾರೆ. ಬೆಟ್ಟದಲ್ಲಿ ಒಂದೇ ಏರು, ಮುಗಿಯುವ ಜಾಗ ಗೊತ್ತಿರುತ್ತದೆ. ತಪ್ಪಲಿನಲ್ಲಿ ಹಾಗಲ್ಲ, ಒಂದು ದಿಬ್ಬ ಇಳಿದರೆ ಇನ್ನೊಂದು ಎದುರಿಗೆ. ಹೊಸ ದಾರಿಯಾದರೆ ಎಷ್ಟು ಬಾಕಿ ಇದೆಯೆಂಬುದೇ ತಿಳಿಯದು. 70 ಕಿಲೋ ತೂಕದ ವ್ಯಕ್ತಿ ಸೈಕಲ್ ಸಮೇತ 100 ಮೀಟರ್ ಎತ್ತರ ಏರಲು ಸುಮಾರು 80 ಕ್ಯಾಲೊರಿ ಬೇಕು. ದಿನದಲ್ಲಿ ಇಂಥ ಹತ್ತು ದಿಬ್ಬ ಬಂದರೆ ಏರಿಗೇ ಒಂದು ಭರ್ತಿ ಊಟದಷ್ಟು ಖರ್ಚು! ಸ್ನಾಯುಗಳಲ್ಲಿ ಶೇಖರವಾದ ಶರ್ಕರ ಕಠಿಣ ಶ್ರಮಕ್ಕೆ ಒಂದೂವರೆ ಎರಡು ಗಂಟೆ ಸಾಕಾದೀತು. ಆದ್ದರಿಂದ ಹಸಿವಿಗೆ ಕಾಯದೆ ಗಂಟೆಗೊಮ್ಮೆ ಬಾಳೆಹಣ್ಣೋ ಕಡಲೆಕಾಯಿ ಚಿಕ್ಕಿಯೋ ತಿನ್ನಬೇಕು. ನೀರನ್ನು ಬಾಯಾರಿಕೆ ನೋಡಿಕೊಂಡು ಗುಟುಕು ಗುಟುಕಾಗಿ ಕುಡಿಯಿರಿ. ಬರಿಯ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರಬಹುದು. ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ.

ಈಗ ಗುಂಪಿನ ಮಾತು. ಚುರುಕಾದವರು ದಿಬ್ಬದ ತುದಿ ತಲುಪಿ ಹತ್ತು ನಿಮಿಷ ಕಾಯುತ್ತಾರೆ, ನೀರು ಕುಡಿಯುತ್ತಾರೆ, ಹರಟುತ್ತಾರೆ. ಕೊನೆಯವರು ಏದುಸಿರು ಬಿಡುತ್ತ ಬಂದು ಕಾಲೂರುತ್ತಲೇ ‘ಬಂದ್ರಲ್ಲ, ಹೊರಡೋಣ’ ಎನ್ನುತ್ತಾರೆ. ಐದು ದಿಬ್ಬ ದಾಟುವಾಗ ಗಟ್ಟಿಗರಿಗೆ ಐವತ್ತು ನಿಮಿಷ ವಿಶ್ರಾಂತಿ, ನಿಜಕ್ಕೂ ವಿಶ್ರಾಂತಿ ಬೇಕಾದವರಿಗೆ ಸೊನ್ನೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಆದರೆ ಪರಿಣಾಮ ಕ್ರೂರ. ನಾಚಿಕೆಯಿಂದ ಅವರು ಬಾಯಿಬಿಡುವುದಿಲ್ಲ. ವಿಶ್ರಾಂತಿಯ ಗಡಿಯಾರ ಕೊನೆಯವರು ಬಂದ ಮೇಲೆಯೇ ಶುರುವಾಗಬೇಕು. ಅನುಭವಿಯೊಬ್ಬರು ಎಲ್ಲರಿಗಿಂತ ಹಿಂದೆ ಬರಬೇಕು. ಕವಲುದಾರಿಯಲ್ಲಿ ಹಿಂದಿನವರು ಕಾಣುವವರೆಗೆ ಒಬ್ಬರು ನಿಲ್ಲಲೇಬೇಕು. ಮೊಬೈಲಿನಲ್ಲಿ ನಕ್ಷೆ ಇದೆಯೆಂದು ಇದನ್ನು ಬಿಡುವಂತಿಲ್ಲ. ಗುಡ್ಡದ ಮರೆಯಲ್ಲಿ ಸಿಗ್ನಲ್ ಕೈಕೊಡುತ್ತದೆ.

ದಣಿದವರಿಗೆ ಏರಿಗಿಂತ ಇಳಿಜಾರಿನಲ್ಲೇ ಅಪಾಯ ಹೆಚ್ಚು. ಕಣ್ಣು, ಕೈ ನಿಧಾನವಾಗಿರುತ್ತವೆ, ತಪ್ಪಿದ ಸಮಯ ಹಿಡಿಯುವ ಆತುರ ಬೇರೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಸೈಕಲ್ ಸಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ತಿರುವಿನಾಚೆ ಏನಿದೆಯೋ! ಸುಗ್ಗಿಯ ಕಾಲವಾದರೆ ರಸ್ತೆಯ ಮೇಲೆ ಹರಡಿದ ರಾಗಿ ತೆನೆ, ಹುರುಳಿ ಬಳ್ಳಿ. ಕಲ್ಲುಕ್ವಾರಿ ಹತ್ತಿರವಿದ್ದರೆ ಲಾರಿಯಿಂದ ಉದುರಿದ ಜಲ್ಲಿ. (ಒಕ್ಕಣೆ ಮಾಡುವ ರೈತರನ್ನು ಬೈಯುವ ಮೊದಲು ಅದು ಅವರ ಊರೆಂಬುದು ನೆನಪಿರಲಿ.) ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಬಳಸಿ ವೇಗ ಇಳಿಸಿ, ಮುಂದಿನವರಿಂದ ದೂರವಿರಿ. ಹೆಲ್ಮೆಟ್ ಪಟ್ಟಿ ಬಿಗಿದಿರಲಿ.

ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು, ರಕ್ತದೊತ್ತಡ, ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕಾಣಲಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಅಂದಿನ ಪ್ರಮಾಣವನ್ನು ಕೇಳಿಕೊಂಡು, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡು, ಜೊತೆಯವರಿಗೂ ಹೇಳಿ ಹೊರಡಲಿ. ತಣ್ಣನೆ ಬೆವರು, ಕೈನಡುಕ, ತೊದಲು ಕಂಡರೆ ಅದು ಬರಿ ಸುಸ್ತಲ್ಲ. ಎಚ್ಚರವಿದ್ದರೆ ತಕ್ಷಣ ಸಕ್ಕರೆ ಕೊಡಿ. ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು ಬಂದರೆ ಅಲ್ಲೇ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಅವರು ಮೊದಲು ಕೇಳುವುದು ‘ಎಲ್ಲಿದ್ದೀರಿ?’ ಎಂದು. ಗೊತ್ತಿಲ್ಲದ ದಾರಿಯಲ್ಲಿ ಇದಕ್ಕೆ ಉತ್ತರ ಕಷ್ಟ. ದಾಟಿದ ಹಳ್ಳಿಗಳ ಹೆಸರನ್ನು ಒಬ್ಬರಾದರೂ ಗಮನಿಸುತ್ತ ಬರಲಿ. ಮನೆಯವರೂ ಹೊರಡುವ ಮೊದಲೇ ದಾರಿಯ ಊರುಗಳನ್ನು, ಜೊತೆಯವರ ಫೋನ್ ನಂಬರನ್ನು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಲಿ.