ನಮ್ಮ ಬೆವರಿಗೂ ಬೆಲೆ ಕಟ್ಟೋಣ

ಕೇರಿಯ ಅಂಗಳದಲ್ಲಿ ಕೂತು ನಾವು ಮಣೆ, ಸ್ಟೂಲು, ಬೆಂಚು ಮಾಡ್ತೀವಿ. ನಮ್ಮ ಮಣೆ ಮೇಲ್ಜಾತಿಯವರ ನಡುಮನೆಗೆ ಹೋಗುತ್ತೆ. ನಾವು ಮಾತ್ರ ಹೊಸ್ತಿಲಾಚೆ. ಅಂಗಡಿಯವನು ಮರ, ಮೊಳೆ, ಪಾಲೀಶಿನ ಲೆಕ್ಕ ಹಿಡಿದು ರೇಟು ಕಟ್ತಾನೆ. ನಮ್ಮ ಎರಡು ದಿನದ ಕೂಲಿ ಎಲ್ಲಿ ಸ್ವಾಮಿ? ಮನೇಲಿ ಮಾಡಿದ್ದಕ್ಕೆ ಕೂಲಿ ಯಾಕೆ ಅಂತಾನೆ! ಕೂಲಿ ಸೇರಿಸದೆ ಎಣಿಸಿದ ಲಾಭ ಲಾಭವೇ ಅಲ್ಲ.

2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ ಸಾಲ. ಅರ್ಜಿ ಹಾಕೋಣ. 'ನಿಮ್ಮಪ್ಪ ಬಡಗಿಯೇನೋ?' ಅಂದರೆ ತಲೆ ತಗ್ಗಿಸಬೇಡಿ. ಜಾತಿಯು ದುಡಿಯುವವರನ್ನೇ ಒಡೆದಿದೆ ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. ಉಳಿ ಯಾರಪ್ಪನ ಸ್ವತ್ತೂ ಅಲ್ಲ!

ಕೂಲಿ ಸೇರಿಸಿ ಬೆಲೆ ಹೇಳೋಣ. ಅದಕ್ಕಿಂತ ಕಮ್ಮಿಗೆ ಕೇರಿಯ ಒಬ್ಬರೂ ಮಾರಬಾರದು.