ಹೂಂ ಅಂದವರ ಮನಸ್ಸು

ಗಿರೀಶ ಕಾರ್ನಾಡರ ‘ಯಯಾತಿ’ (1961), ‘ತುಘಲಕ್’ (1964) ನಾಟಕಗಳ ಮಾತು ಬಂದಾಗಲೆಲ್ಲ ಅಪ್ಪನ ಆಸೆ, ಸುಲ್ತಾನನ ಹುಚ್ಚು ಇವೇ ಚರ್ಚೆಯಾಗುತ್ತವೆ. ನನಗೆ ಅದಕ್ಕಿಂತ ಕಾಡುವುದು ಅವರಿಗೆ ಹೂಂ ಅಂದವರ ಮನಸ್ಸು. ಶುಕ್ರಾಚಾರ್ಯರ ಶಾಪದಿಂದ ಮುಪ್ಪಡರಿದ ಯಯಾತಿ ಮಗನ ಯೌವನ ಬೇಡುವ ಕಥೆ ಮಹಾಭಾರತದ್ದೇ. ಅಲ್ಲಿ ಆ ಮಗ ಪೂರು ಪಿತೃಭಕ್ತ. ಕೊಟ್ಟದ್ದಕ್ಕೆ ಪ್ರತಿಯಾಗಿ ರಾಜ್ಯವನ್ನೂ ಪಡೆಯುತ್ತಾನೆ. ಕಾರ್ನಾಡರ ಪೂರು ಅಳುಕಿನ ಹುಡುಗ. ವಂಶದ ಹಿರಿಮೆಗೆ ತಾನು ಸಾಲದವನೆಂಬ ಕೊರಗು ಅವನನ್ನು ತಿನ್ನುತ್ತಿದೆ, ಆ ಕೊರಗಿಗೆ ಅಪ್ಪನ ಮುಪ್ಪು ದೊಡ್ಡವನಾಗಲು ಸಿಕ್ಕ ಅಡ್ಡದಾರಿ. ಅವನ ತ್ಯಾಗದಲ್ಲಿ ಸ್ವಾರ್ಥವೂ ಬೆರೆತಿದೆ. ಬೆಲೆ ತೆತ್ತವಳು ಮಾತ್ರ ಕಾರ್ನಾಡರೇ ಸೃಷ್ಟಿಸಿದ ಸೊಸೆ ಚಿತ್ರಲೇಖೆ. ಆಗಷ್ಟೇ ಮನೆತುಂಬಿದವಳು ಮುದುಕನಾದ ಗಂಡನ ಮುಖ ಕಂಡು ಬೆಚ್ಚುತ್ತಾಳೆ. ಮಗನ ಯೌವನ ತೆಗೆದುಕೊಂಡವನು ವಂಶದ ಕುಡಿಯನ್ನೂ ತಾನೇ ಕೊಡಲಿ ಎಂದು ಮಾವನನ್ನು ನೇರವಾಗಿ ಕೇಳಿ, ಕೊನೆಗೆ ವಿಷ ಕುಡಿಯುತ್ತಾಳೆ. ಆ ಮನೆಯಲ್ಲಿ ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಮನೆಯ ಈ ಲೆಕ್ಕವನ್ನು ಆಸ್ಥಾನಕ್ಕೆ ಹಚ್ಚಬಾರದು, ರಾಜ್ಯಗಳು ಸೋಲುವುದು ಬರ, ತೆರಿಗೆ, ನಾಣ್ಯದ ಕಾರಣಕ್ಕೆ ಎಂಬ ಆಕ್ಷೇಪ ಇದೆ. ಅದರಲ್ಲಿ ಹುರುಳಿದೆ. ಸುಲ್ತಾನ ಮಹಮ್ಮದ್ ತುಘಲಕ್ ಬೆಳ್ಳಿಯ ಬದಲು ತಂದ ತಾಮ್ರದ ಸಾಂಕೇತಿಕ ನಾಣ್ಯ ಸೋತದ್ದು ಅವನ ಒಳಗಿನ ಯಾವ ಗಾಯದಿಂದಲೂ ಅಲ್ಲ. ಅಂಥದನ್ನು ಜನ ಮನೆಮನೆಯಲ್ಲೂ ಅಚ್ಚುಹಾಕಿಕೊಂಡರು, ಹಿಂದಕ್ಕೆ ಪಡೆಯುವಾಗ ಖಜಾನೆ ಬೆಳ್ಳಿ ಬಂಗಾರ ಕೊಟ್ಟು ತಾಮ್ರದ ರಾಶಿ ಪೇರಿಸಿಕೊಂಡಿತು. ಆದರೆ ತಪ್ಪು ಕಣ್ಣಿಗೆ ಕಾಣುತ್ತಿದ್ದಾಗಲೂ ಬಲ್ಲವರು ಸುಮ್ಮನಿದ್ದದ್ದೇಕೆ ಎಂಬುದಕ್ಕೆ ನಾಣ್ಯದ ಲೆಕ್ಕದಲ್ಲಿ ಉತ್ತರವಿಲ್ಲ. ಜೀವಭಯ ಎನ್ನಬಹುದು. ಭಯ ಇದ್ದದ್ದು ನಿಜ, ಅದೊಂದೇ ಅಲ್ಲ ಎನ್ನುವುದಕ್ಕೆ ಸಾಕ್ಷಿ ಜಿಯಾಉದ್ದೀನ್ ಬರನಿ. 17 ವರ್ಷ ಸುಲ್ತಾನನ ಒಡನಾಡಿಯಾಗಿದ್ದ ಅವನು, 1351ರಲ್ಲಿ ಸುಲ್ತಾನ ತೀರಿಕೊಂಡ ಮೇಲೆ ಬರೆದ ಇತಿಹಾಸದಲ್ಲಿ, ಹಣ ಪದವಿಗಳ ಆಸೆಗೆ ಬಿದ್ದು ತಾನೂ ತನ್ನಂಥ ವಿದ್ವಾಂಸರೂ ಸತ್ಯ ನುಡಿಯದೆ ಘೋರ ಶಿಕ್ಷೆಗಳಿಗೆ ಸಮ್ಮತಿಸಿದೆವೆಂದು ಒಪ್ಪಿಕೊಳ್ಳುತ್ತಾನೆ. ಪೂರುವಿಗೆ ಹಿರಿಮೆಯ ಹಸಿವು, ಬರನಿಗೆ ಆಸ್ಥಾನದ ಹಂಗು. ಇಬ್ಬರೂ ತಮಗೆ ಬೇಕಾದದ್ದನ್ನು ವಿಧೇಯತೆಯ ಹೆಸರಲ್ಲಿ ಪಡೆದರು. ಕಾರ್ನಾಡರು ಇದನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆಂದರೆ, ಅವರ ಬರನಿ ಕೊನೆಯ ದೃಶ್ಯದಲ್ಲಿ ಸುಲ್ತಾನನನ್ನು ಬಿಟ್ಟು ಹೊರಡುವಾಗಲೂ ತಾಯಿ ತೀರಿಕೊಂಡ ಕಾರಣವನ್ನೇ ಮುಂದಿಟ್ಟು ಅಪ್ಪಣೆ ಬೇಡುತ್ತಾನೆ.