ದೆವ್ವದ ಕಥೆ ಯಾಕ ಬರೀಬಾರದು?

ನಮ್ಮ ಗೋಡೆ ಪತ್ರಿಕೆಯಲ್ಲಿ ದೆವ್ವದ ಕಥೆ ಹಾಕಬಾರದು, ಅದು ಮೂಢನಂಬಿಕೆ ಎಂದು ಕೆಲವರು ಹೇಳುತ್ತಾರೆ. ನನಗೆ ಇದು ಸರಿ ಅನಿಸುವುದಿಲ್ಲ. 2017ರಲ್ಲಿ ನಮ್ಮ ರಾಜ್ಯದಲ್ಲಿ ವಾಮಾಚಾರ ತಡೆಯಲು ಕಾಯ್ದೆ ಮಾಡಿದರು. ಬಹಳ ಚಲೋ ಆತು. ಆದರೆ ದೆವ್ವ ಬಿಡಿಸ್ತೀನಿ ಅಂತ ಒಬ್ಬರನ್ನ ಹೊಡೆಯುವುದು ಬೇರೆ, ಕಥೆ ಓದಿ ಅಂಜುವುದು ಬೇರೆ.

'ನಾಳೆ ಬಾ' ಕಥೆ ನಿಮಗೆಲ್ಲ ಗೊತ್ತಿರಬೇಕು. 1990ರ ದಶಕದಲ್ಲಿ ಕರ್ನಾಟಕದ ಬಹಳ ಊರುಗಳಲ್ಲಿ ಇದು ಹಬ್ಬಿತ್ತು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ. ಬಾಗಿಲು ತೆಗೆದರೆ ಮುಗೀತು. ಅದಕ್ಕೆ ಜನ ಬಾಗಿಲ ಮ್ಯಾಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. (ದೆವ್ವಕ್ಕೂ ಕನ್ನಡ ಓದಾಕ ಬರತೈತಿ! ನಮ್ಮ ಕ್ಲಾಸಿನಾಗ ಇನ್ನೂ ಕೆಲವರಿಗೆ ಬರೂದಿಲ್ಲ.) 2018ರಲ್ಲಿ ಬಂದ 'ಸ್ತ್ರೀ' ಎಂಬ ಹಿಂದಿ ಸಿನೆಮಾದಾಗೂ ಇದೇ ಉಪಾಯ ಐತಿ.

ಈ ಕಥೆಯಲ್ಲಿ ಹಾಳು ಬಂಗಲೆ ಇಲ್ಲ, ಬಿಳಿ ಸೀರೆ ಇಲ್ಲ. ಇರುವುದು ಬಾಗಿಲು, ಚಾಕ್‌ಪೀಸು, ಅವ್ವನ ದನಿ ಅಷ್ಟೇ. ಅದಕ್ಕೇ ಅಂಜಿಕೆ ಹೆಚ್ಚು. ಹಾಳು ಬಂಗಲೆಗೆ ಹೋಗದೆ ಇದ್ದರಾತು. ಅವ್ವ ಕರೆದರೆ ಬಾಗಿಲು ತೆಗೀದೆ ಇರಾಕ ಆಗತೈತೇನು?

ನಮ್ಮ ಹುಡುಗರು ಬರೆಯುವ ಕಥೆಯಲ್ಲಿ ಮಾತ್ರ ಟಿ.ವಿ.ಯಲ್ಲಿ ನೋಡಿದ ಬಂಗಲೆನೇ ಬರುತ್ತದೆ. ಬೈಲಹೊಂಗಲದಿಂದ ಬರುವ ರಾತ್ರಿ ಬಸ್ಸು ಸಾಲದೇನು? ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹಳ್ಳಿಗಳು ನೀರೊಳಗೆ ಹೋದವು. ಆ ಮುಳುಗಿದ ಮನೆಯಿಂದ ಒಬ್ಬ ಮುದುಕನ ಮೊಬೈಲಿಗೆ ಫೋನ್ ಬಂದರೆ? ಯಾರಾದರೂ ಇದನ್ನ ಬರೀರಿ.

ನಾನು ಬೇರೆ ಒಂದು ಬರೀತಿದ್ದೀನಿ. ನಮ್ಮ ಅಜ್ಜ ಪಿಂಚಣಿ ಸಲುವಾಗಿ ಒಂದು ಆಫೀಸಿಗೆ ಹೋದಾಗೆಲ್ಲ "ನಾಳೆ ಬಾ ಯಜ್ಜಾ" ಅಂತಾರ. ಆರು ತಿಂಗಳಾತು. ನನ್ನ ಕಥೆಯ ಅಜ್ಜ ಹಿಂಗ ತಿರುಗಿ ತಿರುಗಿ ಸತ್ತು ಹೋಗ್ತಾನ. ಮರುದಿನ ಹತ್ತು ಗಂಟೆಗೆ ಮತ್ತ ಅದೇ ಪಾಳೇದಾಗ ನಿಂತಿರ್ತಾನ, ಕೈಯಾಗ ಅದೇ ಚೀಲ. ಸಾಹೇಬರು ತಲೆ ಎತ್ತಿ ನೋಡದೆ "ನಾಳೆ ಬಾ" ಅಂತಾರ. ಅವರಿಗೆ ಏನೂ ಗೊತ್ತಾಗೂದಿಲ್ಲ.

ಇದರಾಗ ಮೂಢನಂಬಿಕೆ ಎಲ್ಲೈತಿ ಹೇಳಿರಿ. ಕಥೆ ಅರ್ಧ ಆಗಿದೆ. ಮುಂದಿನ ಸಂಚಿಕೆಯಲ್ಲಿ ಇದಕ್ಕೆ ಒಂದು ಹಾಳೆ ಜಾಗ ಕೊಡಬೇಕೆಂದು ಸಂಪಾದಕ ಮಂಡಳಿಯವರನ್ನು ಕೇಳಿಕೊಳ್ಳುತ್ತೇನೆ.

– 7ನೇ ತರಗತಿ ವಿದ್ಯಾರ್ಥಿನಿ